ಮೆಥೊಟ್ರೆಕ್ಸೇಟ್ ಸಾಲದಿದ್ದಾಗ: ಇಂಜೆಕ್ಷನ್ನೋ, ಮಾತ್ರೆಯೋ?

ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಅದಕ್ಕೂ ಬೆರಳ ಗೆಣ್ಣಿನ ಊತ, ಬೆಳಗಿನ ಬಿಗಿತ ಬಗ್ಗದಿದ್ದರೆ ಮುಂದೆ ಬರುವ ಹೆಸರುಗಳಲ್ಲಿ ಎರಡು: ಅಡಲಿಮುಮಾಬ್, ಟೊಫಾಸಿಟಿನಿಬ್.

ಅಡಲಿಮುಮಾಬ್ ಇಂಜೆಕ್ಷನ್. ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ತೊಡೆಗೋ ಹೊಟ್ಟೆಗೋ. ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಜೀವಕೋಶದ ಹೊರಗೇ ಹಿಡಿದು ಕಟ್ಟಿಹಾಕುತ್ತದೆ. ಟಿಎನ್‌ಎಫ್ ತಡೆದರೆ ಕೀಲು ಶಾಂತವಾಗುತ್ತದೆ ಎಂದು 1990ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಎಂಥ ದೊಡ್ಡ ಕೆಲಸ ಅಲ್ವಾ! ತೊಂದರೆಯೆಂದರೆ, ಔಷಧವನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಕರೆಂಟ್ ಜಾಸ್ತಿ ಹೋಗುವ ಊರಲ್ಲಿ ಇದು ಸಣ್ಣ ಮಾತಲ್ಲ.

ಟೊಫಾಸಿಟಿನಿಬ್ ಮಾತ್ರೆ. ದಿನಕ್ಕೆರಡು ಸಲ 5 ಮಿಲಿಗ್ರಾಂ. ಇದು ಜೀವಕೋಶದ ಒಳಗೆ ಉರಿಯೂತದ ಸಂದೇಶ ದಾಟಿಸುವ ಜಾಕ್ ಎಂಬ ಕಿಣ್ವಗಳನ್ನು ತಡೆಯುತ್ತದೆ. ಸೂಜಿಯಿಲ್ಲ, ಫ್ರಿಡ್ಜ್ ಬೇಡ. ಆದರೆ 50 ದಾಟಿದ, ಹೃದ್ರೋಗದ ಅಪಾಯವಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಟಿಎನ್‌ಎಫ್ ಇಂಜೆಕ್ಷನ್‌ಗಿಂತ ಈ ಮಾತ್ರೆಯಲ್ಲಿ ಹೃದಯಾಘಾತದಂಥ ತೊಂದರೆ, ಕ್ಯಾನ್ಸರ್ ಎರಡೂ ಹೆಚ್ಚು ಕಂಡವು. ಸರ್ಪಸುತ್ತೂ ಇದರಲ್ಲಿ ಜಾಸ್ತಿ.

ಹಾಗಾಗಿ ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ ನನ್ನ ಒಲವು ಇಂಜೆಕ್ಷನ್ ಕಡೆಗೇ. ಮಗು ಬೇಕೆಂದಿರುವ ಹೆಣ್ಣುಮಕ್ಕಳಿಗೂ ಈ ಮಾತ್ರೆ ಬೇಡ. ಆಗ ಮೆಥೊಟ್ರೆಕ್ಸೇಟನ್ನೂ ಮೊದಲೇ ನಿಲ್ಲಿಸಬೇಕು, ಡಾಕ್ಟರ ಬಳಿ ಬಾಯಿಬಿಟ್ಟು ಹೇಳಿ. ಹೃದಯ ಗಟ್ಟಿಯಿರುವ, ಸೂಜಿಗೆ ಹೆದರುವ ಕಿರಿಯರಿಗೆ ಮಾತ್ರೆ ಹೊಂದಬಹುದು.

ಯಾವುದೇ ಆಗಲಿ, ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಮೈಯೊಳಗೆ ಸುಮ್ನೆ ಮಲಗಿರುವ ಕ್ಷಯವನ್ನು ಎರಡೂ ಎಬ್ಬಿಸಬಲ್ಲವು.