ತಾರಸಿಯ ಬಿಸಿನೀರು: ಹನ್ನೊಂದು ವರ್ಷ ಬಳಸಿದ ಸೋಲಾರ್ ವಾಟರ್ ಹೀಟರಿನ ಲೆಕ್ಕ

ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಕೂರಿಸಿದ್ದು 2014ರ ಏಪ್ರಿಲ್‌ನಲ್ಲಿ. ಕೊಂಡ ಮೊದಲ ತಿಂಗಳಲ್ಲೇ ಇದರ ಬಗ್ಗೆ ಬರೆದಿದ್ದರೆ ನಾನು ಬರೀ ಹೊಗಳುತ್ತಿದ್ದೆ, ಏಕೆಂದರೆ ಏಪ್ರಿಲ್ ಬಿಸಿಲಿನಲ್ಲಿ ಎಂಥ ಸೋಲಾರ್ ಆದರೂ ನೀರು ಕಾಯಿಸುತ್ತದೆ. ಒಂದೆರಡು ಗಾಜಿನ ಕೊಳವೆ ಒಡೆದು, ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಪರೆಗಟ್ಟಿ, ಹತ್ತಾರು ಆಷಾಢಗಳ ಮೋಡವನ್ನು ಅದು ದಾಟಿದ ಮೇಲೆ ಮಾತ್ರ, ಮನೆಖರ್ಚನ್ನು ನಿಜವಾಗಿ ಎಷ್ಟು ಇಳಿಸಿತು, ಸ್ನಾನದ ಹಿತವನ್ನು ಎಷ್ಟು ಉಳಿಸಿತು ಎಂದು ಹೇಳಲು ಸಾಧ್ಯ. ಹನ್ನೊಂದು ವರ್ಷದ ಬಳಿಕ ಈ ವಿಮರ್ಶೆ ಬರೆಯುತ್ತಿರುವುದು ಅದಕ್ಕಾಗಿಯೇ.

ಮೊದಲು ನಮ್ಮಲ್ಲಿದ್ದುದು 25 ಲೀಟರಿನ ಕರೆಂಟ್ ಗೀಸರ್. ಅದಕ್ಕೂ ಹಿಂದೆ, ಊರಿನ ಮನೆಯಲ್ಲಿ, ತೆಂಗಿನ ಮಟ್ಟೆ ಮತ್ತು ಗರಿ ಉರಿಸುವ ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಇತ್ತು. ಗೀಸರ್ ಬಂದಾಗ ಅಮ್ಮ, "ಹಂಡೆ ನೀರಿನ ಹಿತ ಇದಕ್ಕೆಲ್ಲಿ ಬರಬೇಕು ಕಣೋ" ಎಂದಿದ್ದರು. ಆ ಮಾತನ್ನು ನಾನು ಹಳೆಯ ಕಾಲದ ಮೋಹವೆಂದು ತಳ್ಳಿಹಾಕಿದ್ದೆ. ಅವರು ಹೇಳುತ್ತಿದ್ದುದು ಮೋಹವನ್ನಲ್ಲ, ಅಳತೆಯನ್ನು: ಹಂಡೆಯ ನೀರು ನಾಲ್ಕು ಜನ ಮಿಂದರೂ ಮುಗಿಯುತ್ತಿರಲಿಲ್ಲ. ಗೀಸರಿನಲ್ಲಿ ಮೂರನೆಯವರು ಬಚ್ಚಲಿಗೆ ಹೋಗುವ ಹೊತ್ತಿಗೆ ನೀರು ಉಗುರುಬೆಚ್ಚಗಾಗಿರುತ್ತಿತ್ತು.

ಖರ್ಚಿನ ಲೆಕ್ಕ ಸರಳವಾಗಿದೆ. ಒಂದು ಯೂನಿಟ್ ವಿದ್ಯುತ್ತಿನಿಂದ ಸಿಗುವ ಶಾಖ 860 ಕಿಲೋಕ್ಯಾಲರಿ. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 400 ಕಿಲೋಕ್ಯಾಲರಿ, ಅಂದರೆ ಅರ್ಧ ಯೂನಿಟ್ಟಿಗೆ ತುಸು ಕಡಿಮೆ ಬೇಕು. ನಮ್ಮ ಮನೆಯಲ್ಲಿ ದಿನಕ್ಕೆ ಐದು ಬಕೆಟ್ ಬಿಸಿನೀರು ಬಳಕೆಯಾಗುತ್ತದೆ. ಗೀಸರಿನೊಳಗೆ ನಿಂತು ಆರಿಹೋಗುವ ಶಾಖವನ್ನೂ ಸೇರಿಸಿದರೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್ ಆಗುತ್ತದೆ. ದೀಪ, ಫ್ಯಾನ್, ಟಿವಿ ಇವನ್ನೆಲ್ಲ ಆರಿಸಿ ಆರಿಸಿ ಉಳಿಸುವುದು ಇದರ ಕಾಲುಭಾಗಕ್ಕೂ ಬರುವುದಿಲ್ಲ. ಹಾಗಾಗಿ ಬಿಲ್ಲನ್ನು ಇಳಿಸಬೇಕೆಂದು ಹೊರಟವರು ಕೈಹಾಕಬೇಕಾದದ್ದು ಬಚ್ಚಲಿಗೆ ಎಂದು ನಿರ್ಧರಿಸಿದೆವು.

ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು, ಗಾಜಿನ ಹೊದಿಕೆಯ ಕೆಳಗೆ ತಾಮ್ರದ ಕೊಳವೆಗಳನ್ನು ಕೂಡಿಸಿದ ಫ್ಲಾಟ್ ಪ್ಲೇಟ್. ಇನ್ನೊಂದು, ಒಳಗೆ ನಿರ್ವಾತವಿರುವ ಜೋಡಿ ಗೋಡೆಯ ಗಾಜಿನ ಕೊಳವೆಗಳ ಟ್ಯೂಬ್ ಮಾದರಿ. ತಾಮ್ರದ್ದು ಗಟ್ಟಿ, ಬೆಲೆಯೂ ಹೆಚ್ಚು. ಆದರೆ ಅದರ ಸಣ್ಣ ಕೊಳವೆಗಳಲ್ಲಿ ಗಡಸು ನೀರಿನ ಸುಣ್ಣ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ. ನಮ್ಮದು ಅರ್ಧ ಕಾವೇರಿ, ಅರ್ಧ ಬೋರ್‌ವೆಲ್ ನೀರಾದ್ದರಿಂದ 20 ಟ್ಯೂಬಿನ ಮಾದರಿಯನ್ನೇ ಆರಿಸಿಕೊಂಡೆವು. ಯಂತ್ರಕ್ಕೆ 27,500 ರೂಪಾಯಿ, ಪೈಪಿಗೂ ಕೆಲಸಕ್ಕೂ 5,500 ರೂಪಾಯಿ ಕೊಟ್ಟೆವು. ಇದಕ್ಕೆ ಪಂಪು ಬೇಕಿಲ್ಲ. ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಭಾರವಾಗಿ ಟ್ಯೂಬಿಗೆ ಇಳಿಯುತ್ತದೆ. ತಣ್ಣೀರಿನ ಟ್ಯಾಂಕ್ ಮಾತ್ರ ಸೋಲಾರಿನ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ನಮ್ಮಲ್ಲಿ ಅದಕ್ಕಾಗಿ ಇಟ್ಟಿಗೆಯ ಕಟ್ಟೆಯನ್ನು ಎರಡು ಅಡಿ ಏರಿಸಬೇಕಾಯಿತು.

ನೀರು ಕಾಯುವ ವಿಷಯದಲ್ಲಿ ನನಗೆ ದೂರಿಲ್ಲ. ಬೇಸಿಗೆಯಲ್ಲಿ ಅದು ಅತಿಯಾಗಿಯೇ ಕಾಯುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬಿಡಬೇಕೆಂಬುದನ್ನು ಮಕ್ಕಳಿರುವ ಮನೆಯವರು ಮೊದಲ ದಿನವೇ ಅಭ್ಯಾಸ ಮಾಡಿಸಬೇಕು. ನನ್ನ ದೂರಿರುವುದು ಟ್ಯಾಂಕಿನಿಂದ ನಲ್ಲಿಯವರೆಗಿನ ದಾರಿಯ ಬಗ್ಗೆ. ಕೆಲಸಕ್ಕೆ ಬಂದ ಪ್ಲಂಬರ್, "ದಪ್ಪ ಪೈಪ್ ಹಾಕಿದರೆ ನೀರು ಜೋರಾಗಿ ಬರುತ್ತೆ ಸಾರ್" ಎಂದು ಮುಕ್ಕಾಲು ಇಂಚಿನ ಸಿಪಿವಿಸಿ ಪೈಪನ್ನು ಮನೆಯ ಹಿಂಬದಿಯಿಂದ ಸುತ್ತಿಸಿ, ಅಡುಗೆಮನೆಯನ್ನು ಮುಟ್ಟಿಸಿ, ಕೊನೆಗೆ ಬಚ್ಚಲಿಗೆ ತಂದರು. ಒಟ್ಟು ಉದ್ದ 18 ಮೀಟರ್. ಅಷ್ಟು ಪೈಪಿನಲ್ಲಿ ರಾತ್ರಿಯಿಡೀ ನಿಂತು ತಣ್ಣಗಾದ ನೀರೇ ನಾಲ್ಕೂವರೆ ಲೀಟರ್. ಅದು ಹೋದ ಮೇಲೂ ಪೈಪು ಬೆಚ್ಚಗಾಗುವ ತನಕ ಇನ್ನೊಂದಿಷ್ಟು ಹೋಗಬೇಕು. ಬೆಳಿಗ್ಗೆ ಆರು ಗಂಟೆಗೆ ನಲ್ಲಿಯ ಕೆಳಗೆ ಬೆರಳೊಡ್ಡಿಕೊಂಡು, ಈಗ ಬಂದೀತು, ಇನ್ನೇನು ಬಂದೀತು ಎಂದು ಕಾಯುವುದು ಎಂಥ ತಾಳ್ಮೆಯವರಿಗೂ ಬೇಸರ ತರಿಸುತ್ತದೆ. ಪ್ರತಿಯೊಬ್ಬರೂ ಅರ್ಧ ಬಕೆಟ್ ತಣ್ಣೀರನ್ನು ಬಚ್ಚಲಿಗೆ ಚೆಲ್ಲಿ ಸ್ನಾನ ಶುರುಮಾಡುತ್ತಿದ್ದರು. ಕರೆಂಟ್ ಉಳಿಯಿತು, ನೀರು ಪೋಲಾಯಿತು.

ಮೂರು ವರ್ಷ ಇದನ್ನು ಸಹಿಸಿಕೊಂಡು, 2017ರಲ್ಲಿ ಬೇರೊಬ್ಬ ಕೆಲಸಗಾರರಿಂದ ಬಚ್ಚಲಿಗೆ ಮಾತ್ರ ಪ್ರತ್ಯೇಕವಾಗಿ ಅರ್ಧ ಇಂಚಿನ ಪೈಪನ್ನು ಗೋಡೆಗುಂಟ ನೇರ ಇಳಿಸಿದೆವು. ಉದ್ದ 11 ಮೀಟರ್. ಒಳಗೆ ನಿಲ್ಲುವ ನೀರು ಒಂದೂವರೆ ಲೀಟರಿಗಿಂತ ಕಡಿಮೆ. ಈಗ ಒಂದೆರಡು ಚೆಂಬಿನಷ್ಟು ನೀರು ಹೋಗುವುದರೊಳಗೆ ಬಿಸಿ ಬರುತ್ತದೆ. ಬಕೆಟ್ ತುಂಬುವುದು ಮೊದಲಿಗಿಂತ ನಿಧಾನ ಮತ್ತು ಶವರಿಗೆ ಜೋರು ಸಾಲದು ಎಂಬುದನ್ನು ಮುಚ್ಚಿಡುವುದಿಲ್ಲ; ನಮ್ಮದು ಚೆಂಬಿನ ಸ್ನಾನದ ಮನೆಯಾದ್ದರಿಂದ ಇದು ತೊಡಕಾಗಲಿಲ್ಲ. ಪೈಪಿಗೆ ತೊಡಿಸುವ ಕಪ್ಪು ಸ್ಪಂಜಿನ ಕವಚ ಬಿಸಿಲಿಗೆ ಮೂರೇ ವರ್ಷದಲ್ಲಿ ಪುಡಿಯಾಗಿ ಉದುರುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಟೇಪನ್ನು ಬಿಗಿಯಾಗಿ ಸುತ್ತಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಹೊಸದಾಗಿ ಮನೆ ಕಟ್ಟುವವರಿಗೆ ನನ್ನದೊಂದೇ ಸಲಹೆ: ಸೋಲಾರ್ ಎಲ್ಲಿ ಕೂರುತ್ತದೆ ಎಂಬುದನ್ನು ಕೊನೆಗೆ ಯೋಚಿಸಬೇಡಿ, ಬಚ್ಚಲು ಎಲ್ಲಿದೆಯೋ ಅದರ ನೆತ್ತಿಯ ಮೇಲೆ ಅದಕ್ಕೆ ಜಾಗ ಬಿಡಿ.

ಎರಡನೆಯ ಪಾಠ ಇನ್ನೂ ದುಬಾರಿಯಾಗಿತ್ತು. ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೇ 2 ಕಿಲೋವ್ಯಾಟ್ ಕಾಯಿಲ್ ಹಾಕಿಸಿಕೊಂಡಿದ್ದೆವು. ಒಂದು ಜೂನ್‌ನಲ್ಲಿ, ವಾರವಿಡೀ ಜಡಿಮಳೆ ಹಿಡಿದಾಗ ಅದರ ಸ್ವಿಚ್ ಹಾಕಿದವನು ಆರಿಸುವುದನ್ನು ಮರೆತೆ. ಮೀಟರ್ ರೀಡರ್ ಬಂದು ಬಿಲ್ ಕೈಗಿತ್ತಾಗಲೇ ನೆನಪಾದದ್ದು. ಆ ತಿಂಗಳು ನೂರಕ್ಕೂ ಹೆಚ್ಚು ಯೂನಿಟ್ ಏರಿತ್ತು. ತಪ್ಪು ನನ್ನದು ನಿಜ, ಆದರೆ ವ್ಯವಸ್ಥೆಯೂ ಸರಿಯಿರಲಿಲ್ಲ. ಒಬ್ಬರು ಮೀಯಲು ಆ ಕಾಯಿಲ್ 200 ಲೀಟರನ್ನೂ ಕಾಯಿಸಬೇಕು. ಸಂಜೆ ಬಳಸಿದಷ್ಟೂ ತಣ್ಣೀರು ಒಳಗೆ ಬರುತ್ತದೆ, ಕಾಯಿಲ್ ಅದನ್ನು ರಾತ್ರಿಯೇ ಕಾಯಿಸಿಬಿಡುತ್ತದೆ. ಬೆಳಿಗ್ಗೆ ಬಿಸಿಲು ಬಂದರೂ ಸೂರ್ಯನಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಆ ಕಾಯಿಲಿನ ಸಂಪರ್ಕ ತೆಗೆಸಿ, ಬಚ್ಚಲಿನಲ್ಲೇ 10 ಲೀಟರಿನ ಚಿಕ್ಕ ಗೀಸರ್ ಹಾಕಿಸಿದೆ. ಮಳೆಗಾಲದಲ್ಲಿ ಸ್ನಾನಕ್ಕೆ ಮುನ್ನ ಹದಿನೈದು ನಿಮಿಷ ಅದನ್ನು ಹಾಕಿದರೆ ಒಬ್ಬರಿಗೆ ಸಾಕು. ಗ್ಯಾಸ್ ಗೀಸರ್ ಇನ್ನೂ ಅಗ್ಗವೆಂದು ಕೆಲವರು ಹೇಳಿದರು. ಗಾಳಿಯಾಡದ ಬಚ್ಚಲಿನಲ್ಲಿ ಅದರ ಹೊಗೆ ಪ್ರಾಣಕ್ಕೇ ಕುತ್ತು ತರಬಹುದಾದ್ದರಿಂದ ಆ ಮಾತನ್ನು ನಾವು ಮುಂದುವರಿಸಲಿಲ್ಲ.

ನಿರ್ವಹಣೆಯ ಕೆಲಸ ಕಡಿಮೆ, ಆದರೆ ಸೊನ್ನೆಯಲ್ಲ. ಗಾಜಿನ ಟ್ಯೂಬಿನ ಕೆಳತುದಿ ಒಳಗಿನಿಂದ ಕನ್ನಡಿಯಂತೆ ಬೆಳ್ಳಿಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಒಳಗಿನ ನಿರ್ವಾತ ಹೋದ ಟ್ಯೂಬಿನಲ್ಲಿ ಆ ಹೊಳಪು ಹಾಲಿನಂತೆ ಬೆಳ್ಳಗಾಗುತ್ತದೆ. ತಿಂಗಳಿಗೊಮ್ಮೆ ಬಟ್ಟೆ ಒಣಗಿಸಲು ಹೋದಾಗ ಬಗ್ಗಿ ನೋಡಿದರೆ ಯಾವ ಟ್ಯೂಬ್ ಕೆಟ್ಟಿದೆಯೆಂದು ಯಾರನ್ನೂ ಕೇಳದೆ ತಿಳಿಯುತ್ತದೆ. ನಮ್ಮಲ್ಲಿ ಒಂದು ಹಾಗೆ ಹೋಯಿತು. ಇನ್ನೊಂದು ಒಡೆದದ್ದು ನಮ್ಮ ಅವಸರದಿಂದ: ಟ್ಯಾಂಕ್ ತೊಳೆಯಲು ನೀರು ಖಾಲಿಮಾಡಿ, ಮಧ್ಯಾಹ್ನ ಹನ್ನೆರಡಕ್ಕೆ ಕಾದು ಕೆಂಡವಾಗಿದ್ದ ಟ್ಯೂಬುಗಳಿಗೆ ತಣ್ಣೀರು ಬಿಟ್ಟೆವು. ಅಂಥ ಕೆಲಸವನ್ನು ಬೆಳಗಿನ ಜಾವವೋ ಸಂಜೆಯೋ ಮಾಡಬೇಕು. ಟ್ಯೂಬ್ ಟ್ಯಾಂಕಿಗೆ ಸೇರುವಲ್ಲಿನ ರಬ್ಬರ್ ಬಳೆಗಳನ್ನು ಆರನೆಯ ವರ್ಷದಲ್ಲಿ ಒಟ್ಟಿಗೇ ಬದಲಿಸಿದೆವು. ಎರಡು ವರ್ಷಕ್ಕೊಮ್ಮೆ ಸುಣ್ಣದ ಪರೆ ತೆಗೆಸುತ್ತೇವೆ. ಪಕ್ಕದ ಬೀದಿಯವರಿಗಿರುವ ಕೋತಿಗಳ ಕಾಟ ನಮಗಿಲ್ಲದ್ದು ಪುಣ್ಯ.

ಬಳಕೆಯ ಹೊತ್ತನ್ನು ಸ್ವಲ್ಪ ಬದಲಿಸಿದ್ದರಿಂದಲೂ ಹಿತ ಹೆಚ್ಚಿತು. ಟ್ಯಾಂಕಿನ ನೀರು ಅತ್ಯಂತ ಬಿಸಿಯಾಗಿರುವುದು ಸಂಜೆ ನಾಲ್ಕರಿಂದ ಏಳರವರೆಗೆ. ಮಗಳು ತಲೆಸ್ನಾನವನ್ನು ಆ ಹೊತ್ತಿಗೆ ಬದಲಿಸಿಕೊಂಡಳು. ಅಮ್ಮ ಮಂಡಿಗೆ ಶಾಖ ಕೊಟ್ಟುಕೊಳ್ಳಲು ಅದೇ ಹೊತ್ತಿನ ನೀರನ್ನು ಬಳಸುತ್ತಾರೆ, ಜಿಡ್ಡಿನ ಪಾತ್ರೆಗಳಿಗೂ ಅದೇ. ನಮ್ಮ ಸೋಲಾರ್ ಸೋಲುವುದು ದೀಪಾವಳಿಯಲ್ಲಿ. ನೀರು ತುಂಬುವ ಹಬ್ಬದ ಮರುದಿನ ಮನೆತುಂಬ ನೆಂಟರಿಗೆ ಎಣ್ಣೆಸ್ನಾನವಾಗಬೇಕಾದ ಬೆಳಗಿನಲ್ಲೇ ಹಿಂಗಾರಿನ ಮೋಡ ಕವಿದಿರುತ್ತದೆ. ಆ ದಿನ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಹಳೆಯ ಹಂಡೆಯನ್ನೇ ಏರಿಸುತ್ತೇವೆ, ಮತ್ತು ಅಮ್ಮನ ಮುಖದಲ್ಲಿ ಗೆದ್ದ ಕಳೆ ಇರುತ್ತದೆ.

ಇನ್ನು ಹಣದ ಮಾತು. ಮಳೆಗಾಲದ ಮೂರು ತಿಂಗಳನ್ನು ಅರೆಬರೆಯಾಗಿ ಹಿಡಿದರೂ ವರ್ಷಕ್ಕೆ ಸುಮಾರು 750 ಯೂನಿಟ್ ಉಳಿದಿದೆ. ಇದಲ್ಲದೆ ಕರ್ನಾಟಕದಲ್ಲಿ ಸೋಲಾರ್ ವಾಟರ್ ಹೀಟರ್ ಬಳಸುವ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಇತ್ತು. ಮಾರುವವರು ಹಾಕಿದ ಹಣ ಮೂರು ವರ್ಷದಲ್ಲಿ ವಾಪಸು ಬರುತ್ತದೆ ಎಂದಿದ್ದರು. ರಿಪೇರಿಯನ್ನೂ ಕೂಡಿಸಿದ ನನ್ನ ಲೆಕ್ಕದಲ್ಲಿ ಅದು ಬಂದದ್ದು ಎಂಟನೆಯ ವರ್ಷದಲ್ಲಿ. ಆಮೇಲಿನದೆಲ್ಲ ಲಾಭವೇ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ವಿಚಿತ್ರ ತಿರುವು ಪಡೆಯಿತು. ಆ ಯೋಜನೆಯಲ್ಲಿ ಪ್ರತಿ ಮನೆಗೆ ಉಚಿತ ಯೂನಿಟ್ ನಿಗದಿಯಾದದ್ದು 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ. ಸೋಲಾರಿನಿಂದಾಗಿ ನಮ್ಮ ಸರಾಸರಿ 86 ಇತ್ತು. ನಮಗೆ ದಕ್ಕಿದ್ದು 95ಕ್ಕೂ ಕಡಿಮೆ. ಗೀಸರ್ ಬಳಸುವ ಎದುರುಮನೆಯವರಿಗೆ 170ಕ್ಕೂ ಹೆಚ್ಚು. ಒಂಬತ್ತು ವರ್ಷ ಮಿತವಾಗಿ ಬಳಸಿದವರಿಗೆ ಮಿತಿಯೇ ಬಹುಮಾನವಾಗಿ ಬಂತು. ಆದ್ದರಿಂದ ಈಗಾಗಲೇ ಗೀಸರಿನೊಂದಿಗೇ ಸೊನ್ನೆ ಬಿಲ್ ಪಡೆಯುತ್ತಿರುವವರಿಗೆ, ಹಣ ಉಳಿಸುವುದಕ್ಕಾಗಿ ಸೋಲಾರ್ ಕೊಳ್ಳಿರೆಂದು ನಾನು ಹೇಳಲಾರೆ. ತಿಂಗಳ ಬಳಕೆ 200 ಯೂನಿಟ್ಟಿನ ಆಚೀಚೆ ತೂಗಾಡುವ ಮನೆಗಳ ಮಾತು ಬೇರೆ: ಅಲ್ಲಿ 200 ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕಾಗುವುದರಿಂದ, ಚಳಿಗಾಲದ ಆ 75 ಯೂನಿಟ್ ಕಳೆದರೆ ಸಿಗುವ ಲಾಭ ದೊಡ್ಡದು. ಬಾಡಿಗೆ ಮನೆಯವರಿಗೂ, ಮೇಲಿನ ತಾರಸಿಯಿಂದ ನಾಲ್ಕು ಮಹಡಿ ಪೈಪ್ ಇಳಿಯಬೇಕಾದ ಅಪಾರ್ಟ್‌ಮೆಂಟಿನ ಕೆಳಮನೆಯವರಿಗೂ ಇದು ಒಗ್ಗುವುದಿಲ್ಲ.

ನಮ್ಮ ಟ್ಯಾಂಕಿನ ಒಳಗೆ ತುಕ್ಕು ತಡೆಯುವ ಮೆಗ್ನೀಸಿಯಂ ಸರಳೊಂದಿದೆ; ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಕಳೆದ ಬಾರಿ ಬಿಚ್ಚಿದಾಗ ಹೆಬ್ಬೆರಳ ಗಾತ್ರದ್ದು ಕಡ್ಡಿಯಷ್ಟಾಗಿತ್ತು. ಮಳೆಗಾಲಕ್ಕೆ ಮೊದಲು ಹೊಸದನ್ನು ಹಾಕಿಸಬೇಕು.