ಹೆದ್ದಾರಿ ಹೆಜ್ಜೇನು, ಅಂಗಡಿ ಬಾಟಲಿ, ಬೆಳ್ತಂಗಡಿ ತುಡುವೆ: ಸೀಸದ ಲೆಕ್ಕದಲ್ಲಿ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಜೇನಿಗೆ ಸೀಸ (ಲೆಡ್ ಅನ್ನುವ ವಿಷದ ಲೋಹ) ಸೇರುವ ಭಯದ ಲೆಕ್ಕದಲ್ಲಿ ಈ ಮೂರರೊಳಗೆ ನನ್ನ ವೋಟು ಬೆಳ್ತಂಗಡಿ ಕಡೆಯ ತುಡುವೆ ಜೇನಿಗೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಊರಿನ ಜೇನುನೊಣದ ಜೇನಿಗೆ. ಕಾಡಿನದ್ದು, ಔಷಧಿ ಅಂತೆಲ್ಲ ಅಲ್ಲ. ಜೇನು ತೆಗೆಯುವ ಯಂತ್ರ, ಸೋಸುವ ಪಾತ್ರೆ ಎರಡೂ ಸ್ಟೀಲಿನವು, ತುಂಬಿಸುವುದು ಗಾಜಿನ ಬಾಟಲಿಗೆ.

ಉಡುಪಿಯಿಂದ ಮಂಗಳೂರಿಗೆ ಬರುವಾಗ ಹೆದ್ದಾರಿ ಬದಿಯಲ್ಲಿ ಕೊಂಡ ಹೆಜ್ಜೇನಿನ ಕಥೆ ಬೇರೆ. ರುಚಿ ಮೊದಮೊದಲು ಚೆನ್ನಾಗಿಯೇ ಇತ್ತು. ಆದರೆ ಕೊಟ್ಟದ್ದು ಹಳೇ ತಗಡಿನ ಡಬ್ಬಿಯಲ್ಲಿ. ಸ್ವಲ್ಪ ದಿನ ಕಳೆದು ಮಗಳ ನೀರುದೋಸೆಗೆ ಹಾಕೋಣ ಅಂತ ಮುಚ್ಚಳ ತೆಗೆದರೆ, ಬೆಸುಗೆಯ ಗೆರೆಯುದ್ದಕ್ಕೂ ಜೇನು ಕಪ್ಪಾಗಿತ್ತು, ಬಾಯಿಗಿಟ್ಟರೆ ಬರೀ ಕಬ್ಬಿಣದ ರುಚಿ.

ಜೇನು ಎಷ್ಟೇ ಸಿಹಿಯಾದರೂ ಅದರಲ್ಲಿ ಆಮ್ಲ ಇದೆ, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 3.9 (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಹುಣಸೆಹುಳಿ ಹಾಕಿದ ಸಾರನ್ನು ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಯಾರಾದರೂ ಇಡುತ್ತಾರಾ? ಇದೂ ಹಾಗೆಯೇ. ತಗಡಿನಿಂದ ಕಬ್ಬಿಣ ಬಿಡುತ್ತದೆ, ಜಿಐ (ಸತು ಬಳಿದ ಕಬ್ಬಿಣ) ಪಾತ್ರೆಯಾದರೆ ಸತು. ಕಬ್ಬಿಣವನ್ನಾದರೂ ನಾಲಗೆ ಹಿಡಿಯುತ್ತದೆ. ಸೀಸ ಹಾಗಲ್ಲ. ಹಳೇ ಡಬ್ಬಿಗಳ ಬೆಸುಗೆಯಲ್ಲಿ ಸೀಸ ಇರುತ್ತಿತ್ತು, ಅದು ಜೇನಿಗೆ ಇಳಿದರೂ ಬಣ್ಣ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ, ಕಾಯಿಸಿದರೂ ಸೋಸಿದರೂ ಹೋಗುವುದಿಲ್ಲ. ಯುರೋಪಿನಲ್ಲಿ ಕಿಲೋ ಜೇನಿಗೆ 0.10 ಮಿಲಿಗ್ರಾಂ ಸೀಸವೇ ಗರಿಷ್ಠ ಮಿತಿ. ಅಷ್ಟು ಚೂರನ್ನು ಯಾರ ನಾಲಗೆ ಕಂಡುಹಿಡಿಯುತ್ತದೆ?

ನಮ್ಮ ಮಾವ ಬತ್ತಿ ಅದ್ದಿ ಕಡ್ಡಿ ಗೀರಿದರು, ನೀರಿಗೆ ಹನಿ ಬಿಟ್ಟರು, "ಅಪ್ಪಟ ಜೇನು" ಅಂತ ಸರ್ಟಿಫಿಕೇಟ್ ಕೊಟ್ಟರು. ಈ ಆಟಗಳಿಗೂ ಸೀಸಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ಲೋಹದ ಚೂರುಪಾರನ್ನೂ ಅಳೆಯುವ ಐಸಿಪಿ-ಎಂಎಸ್ ತರದ ಯಂತ್ರ ಇರುವ ಲ್ಯಾಬೇ ಬೇಕು. ಒಂದು ಡಬ್ಬಿಗೆ ಅಷ್ಟು ಖರ್ಚು ಯಾಕೆ ಅಂತ ಚೆಲ್ಲಿಬಿಟ್ಟೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ, ಮತ್ತೆ ರಿಸ್ಕ್ ಯಾಕೆ ಅಲ್ವಾ?

ಗೂಡು ಎಲ್ಲಿಯದು ಅಂತ ಕೇಳಿದರೆ ಹೆದ್ದಾರಿಯಲ್ಲಿ ಮಾರಿದವನು "ಘಟ್ಟದ್ದು" ಅಂದಿದ್ದ. ಇರಬಹುದು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲೇ ನಿಂತರೂ ರಸ್ತೆ ಬದಿಯ ಮಣ್ಣಿಗೆ ಸೇರಿದ ಸೀಸ ಸುಲಭಕ್ಕೆ ಹೋಗುವಂಥದ್ದಲ್ಲ, ಹಾಗಾಗಿ ಗೂಡು ರಸ್ತೆ ಹತ್ತಿರದ್ದಾ ಅನ್ನುವ ಪ್ರಶ್ನೆಯನ್ನೂ ಕೇಳಲೇಬೇಕು.

ಸೂಪರ್ ಮಾರ್ಕೆಟ್ ಬಾಟಲಿಗೆ ಬ್ಯಾಚ್ ನಂಬರ್ ಇದೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ಇದೆ, ತಗಡಿನ ತಲೆನೋವಿಲ್ಲ. ರುಚಿ ಸಪ್ಪೆ.

ತುಡುವೆಯವರಿಗೆ ಫೋನಿನಲ್ಲೇ ಕೇಳಿದ್ದೆ, "ಯಂತ್ರ ಯಾವುದರದ್ದು?" "ಮೊದಲು ಜಿಐ ಇತ್ತು ಮಾರಾಯ್ರೆ, ಈಗ ಸ್ಟೀಲ್, ಬಂದು ನೋಡಿ" ಅಂದರು. ಹೋಗಿ ನೋಡಿದೆ. ಪೆಟ್ಟಿಗೆಗಳು ಅಡಿಕೆ ತೋಟದೊಳಗೆ, ದೊಡ್ಡ ರಸ್ತೆ ಹತ್ತಿರವಿಲ್ಲ. ತುಡುವೆ ತಿರುಗುವುದೂ ಒಂದೆರಡು ಕಿಲೋಮೀಟರ್ ಒಳಗೇ.

ದುಬಾರಿ ಹೌದು. ನೀರಿನಂಶ ಜಾಸ್ತಿ, ಮಳೆಗಾಲದಲ್ಲಿ ನೊರೆ ಬಂದು ಹುಳಿಯಾಗುತ್ತದೆ. ಅದಕ್ಕೆ ಏಪ್ರಿಲ್‌ನಲ್ಲಿ ಒಂದೇ ಕಿಲೋ ತರುತ್ತೇನೆ, ಅದು ಮಗಳ ದೋಸೆಗೆ. ಜೂನ್ ನಂತರ ಕಷಾಯಕ್ಕೆ ಅಂಗಡಿ ಬಾಟಲಿಯೇ ಸಾಕು.