ಪುಣೆಯಿಂದ ಹಂಪಿ ಬೌಲ್ಡರಿಂಗ್ ಶಿಬಿರ: ಬಸ್ಸು ಹತ್ತುವ ಮೊದಲೇ ಮುಗಿಸಬೇಕಾದ ಕೆಲಸ

ಗುರುವಾರ ರಾತ್ರಿ ಒಂಬತ್ತಕ್ಕೆ ವಾಕಡ್‌ನಿಂದ ಮಿನಿಬಸ್ಸು. ಸ್ವಾರ್ಗೇಟ್, ಹಡಪ್ಸರ್‌ಗಳಲ್ಲಿ ಉಳಿದವರನ್ನು ಹತ್ತಿಸಿಕೊಂಡು ಸೊಲ್ಲಾಪುರ, ವಿಜಯಪುರ, ಇಳಕಲ್, ಕುಷ್ಟಗಿ ದಾಟಿ ಬೆಳಗ್ಗೆ ಹಂಪಿಯಿಂದ ತುಂಗಭದ್ರೆಯಾಚೆಗಿನ ಆನೆಗೊಂದಿ ಕಡೆಗೆ. ಎರಡು ರಾತ್ರಿ ಟೆಂಟಿನ ವಾಸ, ಮೂರು ದಿನ ಬೌಲ್ಡರಿಂಗ್ (ಹಗ್ಗವಿಲ್ಲದೆ ತಗ್ಗು ಬಂಡೆ ಹತ್ತುವ ಆಟ), ಭಾನುವಾರ ಸಂಜೆ ವಾಪಸು. ಹನ್ನೆರಡು ಜನ, ಇಬ್ಬರು ತರಬೇತುದಾರರು, ಆರು ಕ್ರ್ಯಾಶ್ ಪ್ಯಾಡ್, ಅಂದರೆ ಬಿದ್ದವರಿಗೆ ಪೆಟ್ಟಾಗದಂತೆ ಬಂಡೆಯ ಬುಡಕ್ಕೆ ಹಾಸುವ ದಪ್ಪ ಹಾಸು. ಊಟ, ತಿಂಡಿ, ಪ್ರಯಾಣ ಸೇರಿ ತಲಾ 9,500 ರೂಪಾಯಿ, ಶೂ ಬಾಡಿಗೆ ಬೇರೆ. ಶಿಬಿರ ನಡೆಸುವ ತಂಡದ ಹೆಸರು ಇಲ್ಲಿ ಬೇಡ. ಇಂಥದೇ ಶಿಬಿರಕ್ಕೆ ಹಣ ಕಟ್ಟುವವರು ಯಾರನ್ನೇ ಆದರೂ ಕೇಳಿ ತಿಳಿಯಬೇಕಾದ ಸಂಗತಿಗಳಿವೆ, ಅವನ್ನು ಹೇಳುವುದು ಮುಖ್ಯ.

ಈ ಶಿಬಿರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹೊರಡುವ ವಾರದ ಮೊದಲು ಪುಣೆಯ ಒಳಾಂಗಣ ಕ್ಲೈಂಬಿಂಗ್ ಗೋಡೆಯ ಬಳಿ ನಡೆಯುವ ಎರಡು ಗಂಟೆಯ ತಯಾರಿ. ಅದನ್ನು ಬಿಟ್ಟು ನೇರ ಬಸ್ಸು ಹತ್ತಿದವರ ಮೊದಲ ದಿನ ಬರೀ ಬೀಳುವುದನ್ನು ಕಲಿಯುವುದರಲ್ಲೇ ಹೋಗುತ್ತದೆ. ಮೊಣಕಾಲು ಮಡಚಿ, ಎರಡೂ ಪಾದ ಒಟ್ಟಿಗೆ ಊರಿ, ಕೈ ಎದೆಗೆ ಕಟ್ಟಿಕೊಂಡು ಬೆನ್ನಿನ ಮೇಲೆ ಉರುಳುವುದು: ಇದನ್ನು ಮೊದಲು ಅರ್ಧ ಮೀಟರಿನಿಂದ, ಆಮೇಲೆ ಒಂದೂವರೆ ಮೀಟರಿನಿಂದ ಹತ್ತು ಹತ್ತು ಸಲ ಮಾಡಿಸುತ್ತಾರೆ. ಬೀಳುವಾಗ ಕೈಯನ್ನು ಹಿಂದಕ್ಕೆ ಊರುವುದು ಎಲ್ಲರಿಗೂ ಹುಟ್ಟಿನಿಂದ ಬಂದ ಅಭ್ಯಾಸ, ಮಣಿಕಟ್ಟು ಮುರಿಯುವುದೂ ಅಲ್ಲೇ. ಸ್ಪಾಟಿಂಗ್, ಅಂದರೆ ಹತ್ತುವವರು ಬಿದ್ದರೆಂದು ಕೆಳಗೆ ನಿಂತು ಕಾಯುವ ಕೆಲಸ, ಅದರ ಪಾಠವೂ ಚೆನ್ನಾಗಿದೆ. ಬೆರಳುಗಳನ್ನು ಜೋಡಿಸಿ, ಹೆಬ್ಬೆರಳನ್ನು ಅವುಗಳ ಜೊತೆಗೇ ಸೇರಿಸಿಟ್ಟು, ಮೊಣಕೈ ಸ್ವಲ್ಪ ಬಾಗಿಸಿ, ಹತ್ತುವವರ ಸೊಂಟ-ಪಕ್ಕೆಗಳ ಮಟ್ಟದಲ್ಲಿ ಕೈ ಹಿಡಿಯಬೇಕು. ಬೀಳುವವರನ್ನು ಎತ್ತಿ ಹಿಡಿಯುವುದು ಸ್ಪಾಟರ್ ಕೆಲಸವಲ್ಲ. ಅವರನ್ನು ಪ್ಯಾಡಿನ ಕಡೆಗೆ ತಿರುಗಿಸಿ, ತಲೆ ಕಲ್ಲಿಗೆ ಬಡಿಯದಂತೆ ನೋಡಿಕೊಂಡರೆ ಸಾಕು.

ಆದರೆ ಈ ತಯಾರಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಒಳಾಂಗಣ ಗೋಡೆಯಲ್ಲಿ ಕೊನೆಯ ಹಿಡಿಕೆಯನ್ನು, ಅಂದರೆ ಹೋಲ್ಡನ್ನು, ಎರಡೂ ಕೈಯಲ್ಲಿ ಹಿಡಿದರೆ ಮುಗಿಯಿತು, ಕೆಳಗೆ ಮೆತ್ತನೆಯ ಹಾಸಿಗೆ. ನವಿ ಮುಂಬೈಯಲ್ಲಿ 2016 ಮತ್ತು 2017ರಲ್ಲಿ ನಡೆದ ಬೌಲ್ಡರಿಂಗ್ ವಿಶ್ವಕಪ್ ಪಂದ್ಯಗಳನ್ನು ನೋಡಿ ಈ ಆಟಕ್ಕೆ ಬಂದವರ ಕಣ್ಣಲ್ಲೂ ಇರುವುದು ಅದೇ ಕೃತಕ ಗೋಡೆ. ಹಂಪಿಯ ಬಂಡೆ ಹಾಗಲ್ಲ. ಮೇಲಿನ ಅಂಚು ಕೈಗೆ ಸಿಕ್ಕ ಮೇಲೆ ಅಂಗೈ ಊರಿ, ಮೈಯನ್ನು ಒತ್ತಿ ಎತ್ತಿ, ಒಂದು ಕಾಲನ್ನು ಅಂಚಿಗೆ ತಂದು ಬಂಡೆಯ ನೆತ್ತಿಗೆ ಏರಬೇಕು. ಇದಕ್ಕೆ ಮ್ಯಾಂಟಲ್ ಎನ್ನುತ್ತಾರೆ. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಎತ್ತರ ಹೆಚ್ಚು, ತೋಳು ದಣಿದಿದೆ, ಹಿಂದಕ್ಕೆ ಬರಲಾಗದು. ಎದೆಮಟ್ಟದ ಒಂದು ಕಟ್ಟೆ ಸಿಕ್ಕರೆ ಪುಣೆಯಲ್ಲೇ ಇದನ್ನು ಅಭ್ಯಾಸ ಮಾಡಬಹುದು. ಈಜುಕೊಳದ ದಡಕ್ಕೆ ಏಣಿಯಿಲ್ಲದೆ ಏರುವ ಚಲನೆಯೇ ಅದು. ದಿನಕ್ಕೆ ಎಂಟು ಸಲದಂತೆ ಎರಡು ವಾರ ಮಾಡಿದರೆ ಸಾಕಷ್ಟು ಹಿಡಿತ ಬರುತ್ತದೆ. ಹತ್ತುವ ಮೊದಲು ಬಂಡೆಯ ಸುತ್ತ ಒಂದು ಸುತ್ತು ಹಾಕಿ ಇಳಿಯುವ ದಾರಿ ನೋಡಿಕೊಳ್ಳಿ ಎಂಬ ಮಾತೂ ತಯಾರಿಯಲ್ಲಿ ಬರಲಿಲ್ಲ. ಬರಬೇಕಿತ್ತು.

ಪ್ಯಾಡುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆರರಲ್ಲಿ ನಾಲ್ಕು ಗಟ್ಟಿಯಾಗಿವೆ: ಸುಮಾರು 100 x 130 ಸೆಂ.ಮೀ., ದಪ್ಪ 10 ಸೆಂ.ಮೀ., ಮೇಲೆ ಬಿರುಸು ಫೋಮ್, ಕೆಳಗೆ ಮೆದು ಫೋಮ್. ಬಿರುಸಾದ ಮಗ್ಗುಲು ಯಾವಾಗಲೂ ಮೇಲೆ ಇರಬೇಕು. ತಲೆಕೆಳಗು ಹಾಸಿದರೆ ಹಿಮ್ಮಡಿ ಮೆದು ಪದರದಲ್ಲಿ ಹೂತು ಪಾದ ಹೊರಳುತ್ತದೆ. ಉಳಿದೆರಡು ಪ್ಯಾಡುಗಳ ಫೋಮ್ ಸತ್ತಿದೆ. ಪರೀಕ್ಷೆ ಸುಲಭ: ಪ್ಯಾಡನ್ನು ಸಮ ನೆಲದಲ್ಲಿ ಹಾಸಿ ಒಂದು ಮೊಣಕಾಲನ್ನು ಜೋರಾಗಿ ಊರಿ, ಕೆಳಗಿನ ನೆಲ ತಾಗಿದರೆ ಅದು ಮಲಗುವುದಕ್ಕೆ ಮಾತ್ರ ಆದೀತು. ಕೀಲಿನಂತೆ ಮಡಚುವ ಪ್ಯಾಡುಗಳಿಗೆ ನಡುವೆ ಒಂದು ಮೆದು ಗೆರೆ ಇರುತ್ತದೆ. ಆ ಗೆರೆಯ ಮೇಲೂ ಎರಡು ಪ್ಯಾಡು ಕೂಡುವ ಸಂದಿನ ಮೇಲೂ ಬಿದ್ದಾಗಲೇ ಕಣಕಾಲು ಉಳುಕುವುದು. ಒಂದು ತೆಳು ಹಾಸನ್ನು ಆ ಸಂದಿನ ಮೇಲೆ ಅಡ್ಡ ಹಾಕಬೇಕು, ಹೊರುವ ಪಟ್ಟಿಗಳನ್ನು ಅಡಿಗೆ ಸೇರಿಸಬೇಕು. ಹನ್ನೆರಡು ಜನರನ್ನು ಮೂರು ಗುಂಪು ಮಾಡಿ ಗುಂಪಿಗೆರಡು ಪ್ಯಾಡು ಕೊಡುವ ಈ ತಂಡದ ಪದ್ಧತಿ ತಗ್ಗಿನ ಸ್ಲ್ಯಾಬುಗಳಿಗೆ (ಇಳಿಜಾರಾಗಿ ಒರಗಿದ ಬಂಡೆಗಳಿಗೆ) ಸರಿ. ಮೂರು ಮೀಟರ್ ದಾಟಿದ ಬಂಡೆಗೆ ನಾಲ್ಕು ಪ್ಯಾಡಾದರೂ ಬೇಕು, ಅಂದರೆ ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಎರಡರಂತೆ ಎರಡೇ ಗುಂಪು. ಅಲ್ಲದೆ ಇಬ್ಬರು ತರಬೇತುದಾರರು ಮೂರು ಕಡೆ ಇರಲಾರರು. ಹಣ ಕಟ್ಟುವ ಮೊದಲೇ ಇದನ್ನು ಕೇಳಿ.

ಇನ್ನು ಚರ್ಮ. ಸಹ್ಯಾದ್ರಿಯದು ಬಸಾಲ್ಟ್, ಹಂಪಿಯದು ಗ್ರಾನೈಟ್. ಗ್ರಾನೈಟಿನ ಹರಳುಗಳು ಬೆರಳ ತುದಿಯನ್ನು ಅರದಂತೆ ಉಜ್ಜುತ್ತವೆ. ಮೊದಲ ದಿನ ಉತ್ಸಾಹದಲ್ಲಿ ನಲವತ್ತು ಸಲ ಏರಿದವರಿಗೆ ಮೂರನೆಯ ದಿನ ಟೀ ಲೋಟ ಹಿಡಿಯುವುದೂ ಕಷ್ಟ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ, ಗಟ್ಟಿ ಜಡ್ಡುಗಳನ್ನು ಉಗುರಿನ ಅರದಿಂದ ಸಮ ಮಾಡಿ. ಎದ್ದು ನಿಂತ ಜಡ್ಡೇ ಕಲ್ಲಿಗೆ ಸಿಕ್ಕಿ ಹಾಳೆಯಂತೆ ಕಿತ್ತು ಬರುತ್ತದೆ. ಕಿತ್ತು ಬಂದರೆ ತೊಳೆದು, ಸಡಿಲ ಚರ್ಮ ಕತ್ತರಿಸಿ, ಪೂರ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಟೇಪು ಸುತ್ತಬೇಕು. 2.5 ಸೆಂ.ಮೀ. ಅಗಲದ ಒಂದು ಸುರುಳಿ ಒಬ್ಬರಿಗೆ ಸಾಕು. ಮುಲಾಮು, ಎಣ್ಣೆ ಏನಿದ್ದರೂ ರಾತ್ರಿ ಹಚ್ಚಿ, ಬೆಳಗ್ಗೆ ಬೇಡ. ತಂಡ ಕಳಿಸುವ ಪಟ್ಟಿಯಲ್ಲಿ ಜಾಕೆಟ್, ಟೋಪಿ, ಪವರ್ ಬ್ಯಾಂಕ್ ಎಲ್ಲ ಇವೆ, ಟೇಪು ಮತ್ತು ಅರ ಇಲ್ಲ.

ಬಾಡಿಗೆ ಶೂಗಳ ಆಯ್ಕೆಗೆ ಸಂಜೆ ಹೋಗಿ, ಆಗ ಪಾದ ತುಸು ಊದಿರುತ್ತದೆ. ಕಾಲುಚೀಲವಿಲ್ಲದೆ ಹಾಕಿ ನೋಡಿ. ಬೆರಳುಗಳು ಮುಂದಿನ ತುದಿಗೆ ತಾಗಬೇಕು, ಹಿಮ್ಮಡಿಯಲ್ಲಿ ಖಾಲಿ ಜಾಗ ಇರಬಾರದು, ಅರ್ಧ ಗಂಟೆ ಹಾಕಿಕೊಂಡರೂ ನೋವು ತಡೆಯುವಂತಿರಬೇಕು. ಹೆಬ್ಬೆರಳ ಕೆಳಗಿನ ರಬ್ಬರ್ ಸವೆದು ಬಟ್ಟೆ ಕಾಣುತ್ತಿದ್ದರೆ ಬೇರೆ ಜೊತೆ ಕೇಳಿ, ಏಕೆಂದರೆ ಸ್ಲ್ಯಾಬಿನ ಮೇಲೆ ನಿಮ್ಮ ಹಿಡಿತವೆಲ್ಲ ಅಷ್ಟಗಲದ ರಬ್ಬರಿನಲ್ಲೇ ಇದೆ. ಕೈಬೆವರು ಹೀರುವ ಚಾಕ್ ಪುಡಿಯನ್ನು ತಂಡವೇ ಒದಗಿಸುತ್ತದೆ, ಹೋಲ್ಡು ಉಜ್ಜುವ ಬ್ರಷ್ಷೂ ಅವರದೇ. ನೈಲಾನ್ ಬ್ರಷ್ಷನ್ನಷ್ಟೇ ಬಳಸುತ್ತಾರೆ, ತಂತಿಯ ಬ್ರಷ್ಷನ್ನು ಮುಟ್ಟಗೊಡುವುದಿಲ್ಲ. ಈ ವಿಷಯದಲ್ಲಿ ಅವರ ಶಿಸ್ತು ಮೆಚ್ಚಬೇಕಾದ್ದು. ತಂತಿ ಬ್ರಷ್ಷು ಕಲ್ಲಿನ ಹರಳನ್ನೇ ಕಿತ್ತು ಹೋಲ್ಡನ್ನು ಶಾಶ್ವತವಾಗಿ ನುಣುಪು ಮಾಡುತ್ತದೆ. ಸ್ಮಾರಕಗಳ ಕಲ್ಲಿಗೆ ಕೈ ಹಚ್ಚುವಂತಿಲ್ಲ ಎಂಬುದನ್ನೂ ಮೊದಲ ದಿನವೇ ಖಡಕ್ಕಾಗಿ ಹೇಳುತ್ತಾರೆ. 1986ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಊರಿನಲ್ಲಿ ಇದು ಎರಡನೆಯ ಮಾತಿಲ್ಲದ ನಿಯಮ.

ದಿನಚರಿ ಬಿಸಿಲಿಗೆ ಹೊಂದಿಕೊಂಡಿದೆ: ಬೆಳಗ್ಗೆ ಆರೂವರೆಯಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಕಾದ ಕಲ್ಲಿನಲ್ಲಿ ಬೆವರಿದ ಬೆರಳು ಜಾರುತ್ತದೆ, ಶೂವಿನ ರಬ್ಬರೂ ಮೆತ್ತಗಾಗುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು, ತಂಡ ಕೊಡುವುದು ಎರಡು. ಎರಡು ಲೀಟರಿನ ಬಾಟಲಿ ಒಯ್ದು ಊಟದ ಹೊತ್ತಿಗೆ ತುಂಬಿಸಿಕೊಳ್ಳಿ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು, ಅರ್ಧ ಲೀಟರಿಗೆ ಕಲಸಬೇಡಿ.

ಟೆಂಟು ಹಾಕುವುದು ಗದ್ದೆಗಳ ಅಂಚಿನ ಒಂದು ಖಾಸಗಿ ತೋಟದಲ್ಲಿ. ಶೌಚಾಲಯ ಇದೆ, ಸ್ವಚ್ಛವಾಗಿದೆ. ನೆಲದ ಕೆಳಗೆ ಕಲ್ಲು, ಗೂಟ ಅರ್ಧಕ್ಕೇ ನಿಲ್ಲುತ್ತದೆ, ಆದ್ದರಿಂದ ದಾರಗಳನ್ನು ದೊಡ್ಡ ಕಲ್ಲಿಗೆ ಕಟ್ಟಬೇಕು. ಚಳಿ ಎಂದು ಗಾಳಿಕಿಂಡಿ ಮುಚ್ಚಿ ಮಲಗಿದರೆ ಬೆಳಗ್ಗೆ ಒಳಗಿನ ಬಟ್ಟೆಯೆಲ್ಲ ತೊಟ್ಟಿಕ್ಕುತ್ತದೆ. ಅದು ಇಬ್ಬನಿ ಸೋರಿದ್ದಲ್ಲ, ಮಲಗಿದವರ ಉಸಿರಿನ ತೇವ. ಶೂಗಳನ್ನು ಟೆಂಟಿನೊಳಗೇ ಇಟ್ಟುಕೊಳ್ಳಿ, ಬೆಳಗ್ಗೆ ಕೊಡವಿ ಹಾಕಿ, ಚೇಳಿನ ಜಾಗ ಅದು. ನದಿಯಲ್ಲಿ ಮೊಸಳೆಗಳಿವೆ. ಈಜಿಗೆ ಇಳಿಸದಿರುವ ತಂಡದ ತೀರ್ಮಾನದ ಬಗ್ಗೆ ಗೊಣಗುವವರಿದ್ದಾರೆ, ತೀರ್ಮಾನ ಸರಿಯಾಗಿದೆ.

ಊಟ ಈ ಶಿಬಿರದ ಗಟ್ಟಿ ಭಾಗ: ಜೋಳದ ರೊಟ್ಟಿ, ಪಲ್ಯ, ಅನ್ನ ಸಾರು, ಬೆಳಗ್ಗೆ ಉಪ್ಪಿಟ್ಟು. ಹತ್ತುವ ನಡುವೆ ತಿನ್ನಲು ಏನೂ ಕೊಡುವುದಿಲ್ಲ, ಅದನ್ನು ನೀವೇ ಒಯ್ಯಬೇಕು. ಶೇಂಗಾ ಉಂಡೆ, ಬಾಳೆಹಣ್ಣು, ಚಪಾತಿಗೆ ಸೊಲ್ಲಾಪುರದ ಶೇಂಗಾ ಚಟ್ನಿ ಸಾಕು. ಚಾಕೊಲೇಟು ಒಂಬತ್ತು ಗಂಟೆಗೇ ಕರಗುತ್ತದೆ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ದುರ್ಬಲ. ಬ್ಯಾಂಡೇಜು, ಅಯೋಡಿನ್, ನೋವಿನ ಮಾತ್ರೆ ಇವೆ. ಬಗ್ಗಿಸಿ ಕಟ್ಟುವ ಸ್ಪ್ಲಿಂಟ್ ಇಲ್ಲ, ಮುಳ್ಳು ತೆಗೆಯುವ ಚಿಮಟ ಇಲ್ಲ. ಪಾದ ಉಳುಕುವುದೇ ಹೆಚ್ಚು ಸಂಭವವಿರುವ ಆಟದಲ್ಲಿ 10 ಸೆಂ.ಮೀ. ಕ್ರೇಪ್ ಬ್ಯಾಂಡೇಜು ಒಂದೇ ಇರುವುದು ತಪ್ಪು. ಸ್ವಂತದ್ದೊಂದು ಒಯ್ಯಿರಿ. ಹತ್ತಿರದ ಪಟ್ಟಣ ಗಂಗಾವತಿ. ತೋಟದಿಂದ ಅಲ್ಲಿಗೆ ಗಾಡಿ ಯಾರದು, ಚಾಲಕ ರಾತ್ರಿ ಎಲ್ಲಿರುತ್ತಾನೆ ಎಂಬುದನ್ನು ಮೊದಲ ಸಂಜೆಯೇ ಕೇಳಿಟ್ಟುಕೊಳ್ಳಿ. 108 ಅಲ್ಲೂ ನಡೆಯುತ್ತದೆ.

ಪುಣೆಯ ಕನ್ನಡಿಗರಿಗೆ ಒಂದು ಮಾತು. ತರಬೇತುದಾರರು ಮರಾಠಿ, ಹಿಂದಿಯಲ್ಲಿ ಮಾತಾಡುವವರು, ಆನೆಗೊಂದಿ-ಸಾಣಾಪುರದ ರೈತರ ಜೊತೆ ಅವರ ಮಾತು ಸನ್ನೆಯಲ್ಲೇ ಮುಗಿಯುತ್ತದೆ. ಬಂಡೆಗೆ ಹೋಗುವ ದಾರಿ ಹಲವು ಕಡೆ ಭತ್ತದ ಗದ್ದೆಯ ಬದುವಿನ ಮೇಲೆ. ಬೆನ್ನ ಮೇಲೆ ಮೀಟರಗಲದ ಪ್ಯಾಡು ಹೊತ್ತು ಸಾಲಾಗಿ ನಡೆದರೆ ಬದು ಕುಸಿಯುತ್ತದೆ, ನೀರು ಪಕ್ಕದ ಗದ್ದೆಗೆ ಹರಿಯುತ್ತದೆ. ಗುಂಪಿನಲ್ಲಿ ಕನ್ನಡ ಬಲ್ಲವರು ಮುಂದೆ ನಡೆದು, ‘ಅಣ್ಣಾರ, ಈ ಕಡಿಂದ ಹೋಗಬಹುದೇನ್ರಿ?’ ಎಂದು ಕೇಳಿ ಹೋಗಬೇಕು. ಒಪ್ಪಿಗೆ ಸಿಕ್ಕಮೇಲೂ ಪ್ಯಾಡನ್ನು ಮಡಚಿ, ಇಬ್ಬರ ನಡುವೆ ಹತ್ತು ಹೆಜ್ಜೆ ಬಿಟ್ಟು ನಡೆಯುವುದು ಒಳ್ಳೆಯದು.

ಡಿಸೆಂಬರ್ ಕೊನೆಯ ವಾರದ ಗುಂಪಿಗೆ ಸೇರಬೇಡಿ, ಆಗ ಊರು ತುಂಬಿರುತ್ತದೆ. ಜನವರಿ ನಡುವಿನ ಗುಂಪು ಉತ್ತಮ. ಫೆಬ್ರವರಿ ಕಳೆದ ಮೇಲೆ ಬೆಳಗಿನ ಎರಡು ಗಂಟೆ ಬಿಟ್ಟರೆ ಕಲ್ಲು ಮುಟ್ಟಲಾಗುವುದಿಲ್ಲ, ಆದರೂ ಈ ತಂಡ ಮಾರ್ಚಿನಲ್ಲೂ ಅದೇ ದರಕ್ಕೆ ಕರೆದೊಯ್ಯುತ್ತದೆ.